ಸೂರತ್ತಿನ ಎತ್ತರದ ಸೇವಂತಿಗೆ

ಸ್ಯಾಟಲೈಟ್, ಅಹಮದಾಬಾದ್

ಗುಜರಾತಿಗೆ ಕಾಲಿಟ್ಟು ಎರಡು ತಾಸು ಕಳೆಯುವುದರೊಳಗೆ ನಾನು ಹಾವೇರಿಯಿಂದ ಜೋಪಾನವಾಗಿ ತಂದಿದ್ದ ಒಂದು ಸಣ್ಣ ಬಾಟಲಿ ಸ್ಪಿರಿಟ್ ಅಡುಗೆಮನೆಯ ಸಿಂಕಿನ ಪಾಲಾಯಿತು. ಸುರಿದವರು ನನ್ನ ಕಾಲೇಜು ಗೆಳತಿ ವಿಮಲಾಳ ಗಂಡ ರಾಮಸ್ವಾಮಿ. ಮೈಸೂರಿನವರು. ಬ್ಯಾಂಕಿನ ವರ್ಗಾವಣೆಯ ಮೇಲೆ ಅಹಮದಾಬಾದಿಗೆ ಬಂದು, ನಿವೃತ್ತರಾದ ಮೇಲೂ ಸ್ಯಾಟಲೈಟ್ ಬಡಾವಣೆಯ ಫ್ಲಾಟಿನಲ್ಲೇ ಉಳಿದುಬಿಟ್ಟವರು.

"ಏನ್ರೀ ಸರೋಜಾ ಇದು? ಗಮ್ಮಂತ ವಾಸನೆ ಬರ್ತಿದೆ. ಇದು ಗುಜರಾತು, ಇಲ್ಲಿ ಮದ್ಯ ಬಂದ್. ಸೊಸೈಟಿ ಗೇಟಲ್ಲಿ ಯಾರಾದ್ರೂ ಬ್ಯಾಗ್ ಬಿಚ್ಚಿಸಿದ್ದಿದ್ರೆ ನಾನು ಚೇರ್ಮನ್ನಿಗೆ ಏನು ಹೇಳ್ಬೇಕಿತ್ತು?"

"ಕುಡಿಯೂದಲ್ರಿ ಅದು. ಗಿಡದ ಔಷಧ ಕರಗಸಾಕ ತಂದದ್ದು," ಎಂದೆ. ಅಷ್ಟರಲ್ಲಿ ಅವರು ನಲ್ಲಿ ತಿರುಗಿಸಿ, ಮೇಲಿಂದ ನಿಂಬೆಸಿಪ್ಪೆಯನ್ನೂ ಉಜ್ಜಿದ್ದರು.

ನಾನು ತೋಟಗಾರಿಕೆ ಕಾಲೇಜೊಂದರ ಪ್ರಯೋಗಾಲಯದಲ್ಲಿ ಸೇವೆ ಮುಗಿಸಿದವಳು. ನನ್ನ ಕೆಲಸವೆಲ್ಲ ಅಳೆಯುವುದು. ಗಿಡಗಳ ಬೆಳವಣಿಗೆಯನ್ನು ಹೆಚ್ಚು ಕಡಿಮೆ ಮಾಡುವ ಕೆಲವು ಔಷಧಗಳಿವೆ. ಒಂದು ದಂಟನ್ನು ಉದ್ದ ಮಾಡುತ್ತದೆ, ಹೂವನ್ನು ಬೇಗ ತರುತ್ತದೆ. ಇನ್ನೊಂದು ಗಿಡವನ್ನು ಗಿಡ್ಡ ಮಾಡಿ ಕುಂಡದ ತುಂಬ ಮೊಗ್ಗು ಕೂರಿಸುತ್ತದೆ. ಮತ್ತೊಂದು ಕಡ್ಡಿಗೆ ಬೇರು ಬರಿಸುತ್ತದೆ. ಗಿಡದೊಳಗೇ ಇರುವ ಗುಣಗಳಿವು, ನಾವು ಹೊರಗಿನಿಂದ ಚೂರು ಸೇರಿಸುತ್ತೇವೆ ಅಷ್ಟೇ. ಆ ಚೂರು ಎಷ್ಟು ಎನ್ನುವುದರಲ್ಲೇ ಎಲ್ಲ ಇದೆ. ಉದ್ದ ಮಾಡುವ ಜಿಬ್ಬರೆಲಿಕ್ ಪುಡಿ ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ಮೊದಲು ಒಂದೆರಡು ಚಮಚ ಸ್ಪಿರಿಟ್ಟಿನಲ್ಲಿ ನೆನೆಸಬೇಕು. ಈ ರಾಜ್ಯದಲ್ಲಿ ಹೂವನ್ನು ಬೇಗ ಅರಳಿಸುವ ಮೊದಲ ಹೆಜ್ಜೆಯೇ ಕಾನೂನಿನ ಅಂಚಿನಲ್ಲಿದೆ ಎಂಬುದು ಹಾವೇರಿಯಲ್ಲಿ ಕೂತಾಗ ನನಗೆ ಹೊಳೆದಿರಲಿಲ್ಲ.

ಅದು ದೀಪಾವಳಿಯ ಹಿಂದಿನ ದಿನ. ಊರಿನ ಕನ್ನಡ ಕುಟುಂಬಗಳ ತಾರಸಿ ತೋಟದ ಗುಂಪಿನ ಮುಂದೆ ನಾನು ಮಾತಾಡಬೇಕೆಂದು ವಿಮಲಾ ಕರೆಸಿದ್ದಳು. ದೀಪಾವಳಿಯ ಮರುದಿನ ಇಲ್ಲಿಯವರಿಗೆ ಹೊಸ ವರ್ಷ. ಬೆಳಗಾಗುತ್ತಲೇ ಫ್ಲಾಟುಗಳ ಬಾಗಿಲೆಲ್ಲ ತೆರೆದವು. ಜನ ಬಂದರು, "ಸಾಲ್ ಮುಬಾರಕ್" ಎಂದರು, ಎರಡು ಗೋಡಂಬಿ ಬಾಯಿಗೆ ಹಾಕಿಕೊಂಡರು, ನಾಲ್ಕು ನಿಮಿಷದಲ್ಲಿ ಎದ್ದು ಎದುರಿನ ಮನೆಗೆ ಹೋದರು. ನಮ್ಮ ಕಡೆ ಹಬ್ಬಕ್ಕೆ ಬಂದವರು ಚಹಾ ಆಗಿ, ಊಟ ಆಗಿ, ಒಂದು ನಿದ್ದೆಯನ್ನೂ ತೆಗೆದು ಹೋಗುತ್ತಾರೆ. ಇಲ್ಲಿ ಮಧ್ಯಾಹ್ನದೊಳಗೆ ಇಡೀ ಕಟ್ಟಡದ ಜನ ಇಡೀ ಕಟ್ಟಡವನ್ನು ಸುತ್ತಿ ಮುಗಿಸಿದ್ದರು. ನನ್ನ ಚಪ್ಪಲಿಯನ್ನು ಯಾರೋ ತಪ್ಪಿ ಹಾಕಿಕೊಂಡು ಹೋದರು. ಸಂಜೆ ಆರನೇ ಮಹಡಿಯ ಬಾಗಿಲಲ್ಲಿ ಸಿಕ್ಕಿತು.

ವಸ್ತ್ರಾಪುರ

ಭಾಷಣ ವಸ್ತ್ರಾಪುರದಲ್ಲಿ, ಕೆರೆಯ ಹತ್ತಿರದ ಒಂದು ಹಾಲಿನಲ್ಲಿ. ಮೂವತ್ತು ಜನ ಇದ್ದಿರಬಹುದು. ಮೈಸೂರು, ಶಿವಮೊಗ್ಗ, ಕುಂದಾಪುರ, ಗದಗ, ಎಲ್ಲ ಕಡೆಯ ಕನ್ನಡ ಒಂದೇ ಕೋಣೆಯಲ್ಲಿ ಕೇಳಿಸಿತು. ಮಕ್ಕಳು ಮಾತ್ರ ಬಾಗಿಲ ಹೊರಗೆ ಗುಜರಾತಿಯಲ್ಲಿ ಜಗಳಾಡುತ್ತಿದ್ದವು. ಹೆಚ್ಚಿನ ಪ್ರಶ್ನೆಗಳು ಗುಲಾಬಿಯ ಬಗ್ಗೆ. ಒಬ್ಬರು ನಿತ್ಯಪುಷ್ಪದ ಕುಂಡವನ್ನೇ ಎತ್ತಿಕೊಂಡು ಬಂದಿದ್ದರು. ಇಲ್ಲಿ ಅದಕ್ಕೆ ಬಾರಮಾಸಿ ಎನ್ನುತ್ತಾರೆ. ಔಷಧಿ ಬೆಳೆಯಾಗಿ ಬೆಳೆಯುವವರು ಎಲೆ ಬೇರು ಹೆಚ್ಚಲೆಂದು ಈ ಔಷಧ ಸಿಂಪಡಿಸುವುದುಂಟು, ತಾನೂ ಸಿಂಪಡಿಸಿ ಸಕ್ಕರೆ ಕಾಯಿಲೆಗೆ ಎಲೆ ಜಗಿಯಬಹುದೇ ಎಂದು ಕೇಳಿದರು. ಸಿಂಪಡಿಸಲೂ ಬೇಡಿ, ಜಗಿಯಲೂ ಬೇಡಿ, ಅದು ವಿಷದ ಅಂಶವಿರುವ ಗಿಡ, ಹೂ ನೋಡಿಕೊಂಡಿರಿ ಎಂದೆ. ಅವರಿಗೆ ನಿರಾಸೆಯಾಯಿತು.

ಎಲ್ಲ ಮುಗಿದು ಚಹಾ ಕುಡಿಯುವಾಗ, ರೈಲ್ವೆ ಅಧಿಕಾರಿಯೊಬ್ಬರ ಹೆಂಡತಿ ನನ್ನ ಬಳಿ ಬಂದು ಫೋನ್ ಮುಂದೆ ಹಿಡಿದರು. "ಮೇಡಮ್, ಇದು ನಿಮ್ಮ ಧ್ವನಿ ತಾನೇ? ಭಾಷಣ ಕೇಳ್ತಿದ್ದಾಗಲೇ ಅನ್ನಿಸ್ತು."

ನನ್ನದೇ ಧ್ವನಿ. ಊರಿನ ಸೇವಂತಿಗೆ ಬೆಳೆಗಾರರಿಗಾಗಿ ಮಳೆಗಾಲದ ಕೊನೆಗೆ ನಾನು ಫೋನಿನಲ್ಲಿ ಹೇಳಿ ಕಳಿಸಿದ್ದು. "ಒಂದು ಗ್ರಾಂ ಪುಡಿ ತಗೊಂಡು ಚೂರು ಸ್ಪಿರಿಟ್ಟಿನ್ಯಾಗ ಕರಗಿಸಿ ಒಂದು ಲೀಟರ್ ನೀರು ಮಾಡ್ರಿ..." ಅಷ್ಟು ಕೇಳಿ ನಿಂತಿತು.

"ಎರಡನೇದು ಎಲ್ಲಿ?"

"ಎರಡನೇದಾ? ಬಂದಿರೋದು ಒಂದೇ."

ಹೇಳಿದ್ದು ಎರಡು ತುಂಡುಗಳಲ್ಲಿ. ನಡುವೆ ಗ್ಯಾಸ್ ಸಿಲಿಂಡರಿನವನು ಬಾಗಿಲು ಬಡಿದದ್ದರಿಂದ ಮೊದಲನೆಯದನ್ನು ನಿಲ್ಲಿಸಿ ಕಳಿಸಿದ್ದೆ. ಎರಡನೆಯದರಲ್ಲಿ ಇದ್ದದ್ದು ಮುಖ್ಯ ಮಾತು: ಇದು ಮೂಲ ದ್ರಾವಣ, ಹೀಗೇ ಹೊಡೆಯಬೇಡಿ, ಇದರ ಒಂದು ಭಾಗಕ್ಕೆ ಒಂಬತ್ತು ಭಾಗ ನೀರು ಬೆರೆಸಿ. ಆ ಮಾತು ಯಾರದೋ ಫೋನಿನಲ್ಲಿ ಹಿಂದೆ ಉಳಿದು, ಮೊದಲನೆಯದು ಒಂಟಿಯಾಗಿ ಹಾವೇರಿಯಿಂದ ಸೂರತ್ತಿನವರೆಗೆ ಹೋಗಿತ್ತು. ಸೂರತ್ತಿನಲ್ಲಿ ಉಡುಪಿ ಹೋಟೆಲ್ ನಡೆಸುವ ಭಾಸ್ಕರ ರಾಯರು ಎಂಬವರು ಅದನ್ನು ಹೂ ಬೆಳೆಯುವ ಒಬ್ಬ ಹೆಂಗಸಿಗೆ ಗುಜರಾತಿಯಲ್ಲಿ ಹೇಳಿ ಹೊಡೆಸಿದ್ದಾರಂತೆ. ಅಲ್ಲೇ ನಿಂತು ಅವರಿಗೆ ಫೋನ್ ಮಾಡಿದೆ.

"ಹೌದು ಮೇಡಮ್, ಹೊಡೆದಿದ್ದಾರೆ. ಇಡೀ ಹೊಲಕ್ಕೆ. ಗಿಡ ನನ್ನ ಹೆಗಲಿನಷ್ಟು ಎತ್ತರ ಆಗಿದೆ. ಹೂ ಮಾತ್ರ ಇಲ್ಲ ಮಾರಾಯ್ರೆ. ದೀಪಾವಳಿಗೆ ಒಂದು ಬುಟ್ಟಿ ಕೂಡ ಬರ್ಲಿಲ್ಲ."

ಹತ್ತು ಪಟ್ಟು. ಹತ್ತು ಪಟ್ಟು ಹೊಡೆದರೆ ಸೇವಂತಿಗೆಗೆ ಏನಾಗುತ್ತದೆ ಎಂದು ನನಗೆ ಗೊತ್ತು. ಕುಂಡದಲ್ಲಿ ಬೇಕೆಂದೇ ಮಾಡಿ ನೋಡಿದ್ದೇನೆ. ಹೊಲದಲ್ಲಿ ನೋಡಿರಲಿಲ್ಲ.

ಆ ಸಂಜೆ ಕೆರೆಯ ಸುತ್ತ ವಿಮಲಾಳ ಜೊತೆ ಎರಡು ಸುತ್ತು ಹಾಕಿದೆ. ವಾಕಿಂಗಿಗೆ ಬಂದವರು ಕೈ ಬೀಸುತ್ತ ನಡೆದು, ಸುತ್ತು ಮುಗಿದೊಡನೆ ಗೇಟಿನಲ್ಲಿ ದಾಬೇಲಿ ತಿನ್ನುತ್ತಿದ್ದರು. ತಪ್ಪು ಅರ್ಧವನ್ನೇ ಮುಂದೆ ಕಳಿಸಿದವರದೋ, ಪೂರ್ತಿ ಕೇಳದೆ ಹೊಡೆಸಿದವರದೋ ಎಂದು ನಾನು ವಾದ ಹೂಡುತ್ತಿದ್ದೆ. ಮನೆಯಲ್ಲಿ ರಾಮಸ್ವಾಮಿ, "ಸೂರತ್ತಿಗೆ ನೀವ್ಯಾಕೆ ಹೋಗ್ತೀರಿ? ಯಾರೋ ಫಾರ್ವರ್ಡ್ ಮಾಡಿದ್ದಕ್ಕೆ ನೀವು ಜವಾಬ್ದಾರರಾ?" ಎಂದರು. ವಿಮಲಾ ಅಷ್ಟು ಕೇಳಿದವಳು ನನ್ನ ಬ್ಯಾಗನ್ನು ಕೆಳಗಿಳಿಸಿದಳು. "ಹೋಗಿ ಬಾ, ಸರೋಜಿ. ಇಲ್ಲಂದ್ರ ಊರಿಗೆ ಹೋದ ಮ್ಯಾಲೂ ಇದನ್ನ ಹೇಳಿ ಹೇಳಿ ನನ್ನ ತಲಿ ತಿಂತಿ."

ಮಕರಪುರ, ವಡೋದರಾ

ದಾರಿಯಲ್ಲಿ ವಡೋದರಾ. ಅಲ್ಲಿ ವಿಮಲಾಳ ಅಣ್ಣನ ಮಗಳು ರಶ್ಮಿ ಇದ್ದಾಳೆ. ಮೂಲ ಗದಗಿನವರು. ಹುಟ್ಟಿ ಬೆಳೆದದ್ದೆಲ್ಲ ವಡೋದರಾ. ಮಕರಪುರದ ಕೈಗಾರಿಕಾ ವಸಾಹತಿನಲ್ಲಿ ವಿದ್ಯುತ್ ಪ್ಯಾನೆಲ್ ಮಾಡುವ ಕಾರ್ಖಾನೆಯಲ್ಲಿ ಇಂಜಿನಿಯರ್. ಹಬ್ಬದ ರಜೆ ಹೊಸ ವರ್ಷದ ಐದನೇ ದಿನ, ಲಾಭ ಪಂಚಮಿಯವರೆಗೆ. ಅಷ್ಟು ದಿನ ಊರಿಗೆ ಊರೇ ಶಟರ್ ಎಳೆದುಕೊಂಡು ಕೂತಿರುತ್ತದೆ. ಅವಳ ಮನೆಗೆ ಹೋಗುವ ದಾರಿಯಲ್ಲಿ ಕಾರ್ಖಾನೆಗಳ ಗೇಟಿಗೆಲ್ಲ ಒಣಗಿದ ಚೆಂಡು ಹೂವಿನ ಮಾಲೆಗಳು. ಒಂದು ನಾಯಿ ರಸ್ತೆಯ ನಟ್ಟನಡುವೆ ಮಲಗಿತ್ತು. ಆಟೋದವನು ಅದನ್ನು ಎಬ್ಬಿಸದೆ ಸುತ್ತಿ ಹೋದ.

"ಬನ್ನಿ ಆಂಟಿ. ನೀವು ಚಹಾ ಕುಡಿತೀಯಾ?" ಎಂದಳು ರಶ್ಮಿ. ಅವಳ ಕನ್ನಡದಲ್ಲಿ ನೀವು ನೀನು ಬೇರೆಯಾಗಿರಲಿಲ್ಲ. ಅವಳಿಗೆ ಅದರಿಂದ ಏನೂ ಸಂಕೋಚವಿರಲಿಲ್ಲ. ನನಗೂ ಸ್ವಲ್ಪ ಹೊತ್ತಿನಲ್ಲಿ ಹಿತವೆನಿಸಿತು.

ನಡೆದದ್ದನ್ನು ಹೇಳಿದೆ. ತಲೆ ಓರೆ ಮಾಡಿ ಕೇಳಿದಳು. "ಆಂಟಿ, ನಮ್ಮ ಕಡೆ ಡ್ರಾಯಿಂಗ್ ಎರಡು ಶೀಟ್ ಇದ್ರೆ ಪೆಹಲೇ ಶೀಟ್ ಮೇಲೇನೇ 'ಎರಡರಲ್ಲಿ ಒಂದು' ಅಂತ ಬರೀತೀವಿ. ಇಲ್ದಿದ್ರೆ ವರ್ಕರ್ ಒಂದು ನೋಡಿ ಮಾಡಿಬಿಡ್ತಾನೆ. ನೀವು ಶುರುದಲ್ಲಿ ಬೋಲಿಲ್ಲ, ಇನ್ನೊಂದು ಇದೆ ಅಂತ?"

"ಇಲ್ಲವ್ವ. ಹೇಳಿಲ್ಲ."

"ಫಿರ್ ತೋ ತಪ್ಪು ನಿಮ್ಮದೇ," ಎಂದು ಬಿಸ್ಕತ್ತಿನ ತಟ್ಟೆ ನನ್ನ ಕಡೆ ತಳ್ಳಿದಳು. ಕೆರೆಯ ಸುತ್ತ ನಾನು ಕಟ್ಟಿದ್ದ ವಾದ ಅಷ್ಟರಲ್ಲಿ ಮುಗಿಯಿತು.

ಆಮೇಲೆ ಸ್ಪಿರಿಟ್ಟಿನ ಕಥೆ ಹೇಳಿದೆ. ಹೊಲದಲ್ಲಿ ಸರಿಯಾದ ಅಳತೆಯನ್ನು ಮಾಡಿ ತೋರಿಸಬೇಕಾದರೆ ಅದು ಬೇಕು. ಬರುವ ದಾರಿಯಲ್ಲಿ ತೆರೆದಿದ್ದ ಒಂದೇ ಔಷಧಿ ಅಂಗಡಿಯವನು ಡಾಕ್ಟರ ಚೀಟಿ ಎಲ್ಲಿ ಎಂದು ಕೇಳಿ, ನನ್ನನ್ನು ಮೇಲಿಂದ ಕೆಳಗೆ ನೋಡಿದ್ದ. ರಶ್ಮಿ ಎದ್ದು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಬಾಟಲಿ ತಂದಳು. ಸರ್ಕಿಟ್ ಬೋರ್ಡು ಒರೆಸುವ ದ್ರವ. ಹೆಸರು ಓದಿದೆ. ಐಸೊಪ್ರೊಪೈಲ್. ಕುಡಿಯಲು ಬಾರದ, ಪುಡಿ ಕರಗಿಸಲು ಬರುವ ಜಾತಿ.

"ನಂದು ಛುಟ್ಟಿ ಇದೆ, ನಿಮಗೆ ಗುಜರಾತಿ ಬರಲ್ಲ. ನಾನು ಬರ್ತೀನಿ," ಎಂದಳು. ಅವಳ ಅಮ್ಮ ಪಕ್ಕದ ಕೋಣೆಯಿಂದ, "ಟೋಪಿ ಹಾಕ್ಕೊಂಡು ಹೋಗು, ಬಿಸಲ ಅದ," ಎಂದಷ್ಟೇ ಕೂಗಿದರು.

ಸೂರತ್

ರೈಲಿನಲ್ಲಿ ನಮ್ಮ ಎದುರು ಕೂತಿದ್ದ ಅಜ್ಜಿ ನಮ್ಮನ್ನು ಏನೂ ಕೇಳದೆ ಇಬ್ಬರ ಕೈಗೂ ಥೇಪ್ಲಾ ರೊಟ್ಟಿ ಕೊಟ್ಟಳು. ಮೇಲೆ ಮಾವಿನಕಾಯಿಯ ಸಿಹಿ ಉಪ್ಪಿನಕಾಯಿ. ನಾವು ತಿನ್ನುವವರೆಗೂ ನಮ್ಮ ಬಾಯಿಯನ್ನೇ ನೋಡಿದಳು. ಆಮೇಲೆ ಮನೆಯಲ್ಲಿ ಯಾರು ಯಾರಿದ್ದಾರೆ ಎಂದು ವಿಚಾರಿಸಿದಳು. ನಮ್ಮ ಕಡೆ ಮೊದಲು ವಿಚಾರಣೆ, ಆಮೇಲೆ ಬುತ್ತಿ.

ಭಾಸ್ಕರ ರಾಯರಿಗೆ ಅರುವತ್ತು ದಾಟಿದೆ. ಕುಂದಾಪುರದ ಕಡೆಯವರು. ಹೋಟೆಲಿನ ಸಾಂಬಾರು ಪಾಯಸಕ್ಕೆ ಹತ್ತಿರವಾಗಿತ್ತು. ನನ್ನ ಮುಖ ನೋಡಿ, "ಬೆಲ್ಲ ಹಾಕದಿದ್ರೆ ಇಲ್ಲಿಯವ್ರು ಮುಟ್ಟುದಿಲ್ಲ ಮೇಡಮ್. ನನ್ಗೂ ಈಗ ಊರಿನ ಸಾಂಬಾರೇ ಖಾರ ಅನ್ನಿಸ್ತದೆ," ಎಂದರು. ಹೋಟೆಲಿನ ದೇವರ ಪಟಕ್ಕೆ ದಿನಾ ಹೂ ಕೊಡುತ್ತಿದ್ದವರು ಹಂಸಾಬೆನ್. ತಾಪಿ ನದಿಯ ಆಚೆ ಹೊಲ. ಗಂಡ ಸೂರತ್ತಿನಲ್ಲಿ ವಜ್ರ ಉಜ್ಜುವ ಕೆಲಸಕ್ಕೆ ಹೋಗುತ್ತಾನೆ. ಹೊಲ ನೋಡುವವರು ಹಂಸಾಬೆನ್ ಮತ್ತು ಗಂಡನ ಅಣ್ಣ. ಆ ಅಣ್ಣನಿಗೆ ಹೂವಿನ ಮೇಲೆ ಮೊದಲಿಂದಲೂ ನಂಬಿಕೆಯಿಲ್ಲ. ಈಗ ಗಿಡ ಕಿತ್ತು ಕಬ್ಬು ಹಾಕೋಣ ಎಂದು ಬಿತ್ತನೆಯ ತುಂಡುಗಳನ್ನು ಕಡಿದು ತಂದಿಟ್ಟಿದ್ದಾನೆ.

"ನೀವು ಸುಮ್ನೆ ನಿಂತ್ಕೊಳ್ಳಿ, ನಾನು ಮಾತಾಡ್ತೇನೆ," ಎಂದರು ಭಾಸ್ಕರ ರಾಯರು. ಎರಡು ಸಲ ಹೇಳಿದರು. ಅವರ ಕೈಯಲ್ಲಿ ಹೊಲಕ್ಕೆ ಒಯ್ಯಲೆಂದು ಕಟ್ಟಿಸಿದ ಮೈಸೂರುಪಾಕಿನ ಪೊಟ್ಟಣವಿತ್ತು.

ತಾಪಿಯ ಆಚೆ

ರಸ್ತೆಯ ಎರಡೂ ಕಡೆ ಕಬ್ಬು. ಅದರ ನಡುವೆ ಒಂದು ಕಡೆ ಕಬ್ಬೂ ಅಲ್ಲದ, ಹೂವಿನ ಗಿಡವೂ ಅಲ್ಲದ ಏನೋ ನಿಂತಿತ್ತು. ಹತ್ತಿರ ಹೋದಾಗ ಗೊತ್ತಾಯಿತು, ಸೇವಂತಿಗೆ. ಮೊಳಕಾಲಿನ ಮೇಲೆ ಬರಬೇಕಾದ ಗಿಡ ಹೆಗಲಿಗೆ ಬಂದಿತ್ತು. ದಂಟು ಪೆನ್ಸಿಲಿಗಿಂತ ಸಪೂರ. ಎಲೆಗಳು ಕಾಯಿಲೆಯವರ ಹಾಗೆ ಬಿಳಿಚಿಕೊಂಡು ದೂರ ದೂರ ಕೂತಿದ್ದವು. ಪ್ರತಿಯೊಂದು ಗಿಡಕ್ಕೂ ಒಂದೊಂದು ಕೋಲು ಊರಿ, ಹಳೆಯ ಸೀರೆಯ ಚಿಂದಿಯಿಂದ ಕಟ್ಟಿದ್ದರು. ಹಸಿರು, ಕೆಂಪು, ಜರಿಯಂಚಿನ ಚಿಂದಿಗಳು. ಆ ಹೊಲದಲ್ಲಿ ಬಣ್ಣವೆಂದು ಇದ್ದದ್ದು ಅವೇ.

ಹಂಸಾಬೆನ್ ಸಾಲಿನ ನಡುವಿನಿಂದ ಎದ್ದು ಬಂದರು. ಐವತ್ತರ ಹೆಂಗಸು. ಮುಂಗೈ ತುಂಬ ಹಚ್ಚೆ. "ಆವೋ," ಎಂದು ಕರೆದರು. ಮೈಸೂರುಪಾಕು ತೆಗೆದುಕೊಂಡು ಬದುವಿನ ಮೇಲಿಟ್ಟರು, ಬಿಚ್ಚಲಿಲ್ಲ. ಗಿಡ ತೋರಿಸಿ "ಸೇವಂತೀ," ಎಂದರು. ಹೂವಿನ ಹೆಸರು ಎರಡು ಭಾಷೆಯಲ್ಲೂ ಒಂದೇ ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಬೇರೆ ಹೊತ್ತಿನಲ್ಲಿ ಖುಷಿಯಾಗುತ್ತಿತ್ತು.

ಆಮೇಲೆ ಅವರು ಕೇಳಿದ್ದು ಎರಡೇ ಪದ. "ಕೋನೀ ಭೂಲ್?" ಯಾರ ತಪ್ಪು.

ಭಾಸ್ಕರ ರಾಯರು ಗುಜರಾತಿಯಲ್ಲಿ ಉದ್ದಕ್ಕೆ ಹೇಳತೊಡಗಿದರು. ಕೈ ಆಡಿಸಿದರು, ನನ್ನ ಕಡೆ ಗೌರವದಿಂದ ತೋರಿಸಿದರು. ರಶ್ಮಿ ನನ್ನ ಕಿವಿಯ ಬಳಿ ಬಗ್ಗಿದಳು. "ಆಂಟಿ, ಇವರು ಪ್ಯಾಕೆಟ್ ಖರಾಬ್ ಇತ್ತು ಅಂತ ಬೋಲ್ತಾ ಇದ್ದಾರೆ. ನಿಮ್ಮದು ಏನೂ ಇಲ್ಲ ಅಂತ."

ನನಗೆ ಒಂದು ಕ್ಷಣ ನಿರಾಳವೆನಿಸಿದ್ದು ನಿಜ. ಪ್ಯಾಕೆಟ್ಟು ಕೆಟ್ಟಿತ್ತು ಎಂದರೆ ಭಾಸ್ಕರ ರಾಯರೂ ಉಳಿದರು, ನಾನೂ ಉಳಿದೆ. ಆದರೆ ಹಂಸಾಬೆನ್ ಅವರ ಮಾತಿಗೆ ತಲೆಯಾಡಿಸುತ್ತಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು.

ನನ್ನ ಹಿಂದಿ ದೂರದರ್ಶನದಿಂದ ಕಲಿತದ್ದು. "ನಹೀಂ ಬೆಹೆನ್," ಎಂದೆ. "ಪ್ಯಾಕೆಟ್ ಠೀಕ್ ಥಾ. ಮೈನೇ ಆಧೀ ಬಾತ್ ಬತಾಯೀ. ಗಲತೀ ಮೇರೀ ಹೈ." ಪ್ಯಾಕೆಟ್ಟು ಸರಿಯಿತ್ತು, ಅರ್ಧ ಮಾತು ಹೇಳಿದ್ದು ನಾನು, ತಪ್ಪು ನನ್ನದು.

ಭಾಸ್ಕರ ರಾಯರು ಮಾತು ನಿಲ್ಲಿಸಿ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ಹಂಸಾಬೆನ್ ಹತ್ತಿರದ ಗಿಡಕ್ಕೆ ಕಟ್ಟಿದ್ದ ಚಿಂದಿಯ ಗಂಟನ್ನು ಬಿಚ್ಚಿದರು. ಗಿಡ ನಿಧಾನವಾಗಿ ಬಾಗಿ, ಬಾಗಿ, ತಲೆಯನ್ನು ಮಣ್ಣಿಗೆ ಇಟ್ಟಿತು. ಅದನ್ನು ನೋಡುವಷ್ಟು ಹೊತ್ತು ಕೊಟ್ಟು, "ಹವೇ?" ಎಂದರು. ಈಗ?

ನನ್ನ ಚೀಲದಲ್ಲಿ ಇನ್ನೊಂದು ಪೊಟ್ಟಣವಿತ್ತು. ಗಿಡವನ್ನು ಗಿಡ್ಡ ಮಾಡುವಂಥದ್ದು. ತಾರಸಿ ತೋಟದವರಿಗೆ ತೋರಿಸಲು ತಂದದ್ದು. ಕೈ ಅದರ ತನಕ ಹೋಯಿತು. ಒಂದು ಔಷಧದಿಂದ ಆದದ್ದನ್ನು ಇನ್ನೊಂದರಿಂದ ಮುಚ್ಚಲು ನೋಡುವುದು ನನ್ನ ಕಸುಬಿನವರ ಅಭ್ಯಾಸ. ಇಷ್ಟು ಬೆಳೆದ ದಂಟು ಯಾವ ಔಷಧಕ್ಕೂ ಹಿಂದಕ್ಕೆ ಕುಗ್ಗುವುದಿಲ್ಲ. ಕೈ ಹೊರಗೆ ತೆಗೆದೆ.

"ಕತ್ತರಿಸಬೇಕು," ಎಂದೆ. ರಶ್ಮಿ ಅದನ್ನು ಗುಜರಾತಿಯಲ್ಲಿ ಹೇಳಿದಳು. ಮೊಳಕಾಲಿನ ಮಟ್ಟಕ್ಕೆ ಎಲ್ಲವನ್ನೂ ಕತ್ತರಿಸಬೇಕು. ಬುಡದಿಂದ ಹೊಸ ಚಿಗುರು ಬರುತ್ತದೆ. ಈಗ ಹಗಲು ಚಿಕ್ಕದಾಗುತ್ತಿರುವುದರಿಂದ, ಸೇವಂತಿಗೆಯ ಸ್ವಭಾವದಂತೆ ಚಿಗುರು ಹೆಚ್ಚು ಬೆಳೆಯದೆ ಮೊಗ್ಗು ಕಟ್ಟುತ್ತದೆ. ಹೂ ಬರುತ್ತದೆ, ಆದರೆ ತಡವಾಗಿ, ಸಣ್ಣದಾಗಿ. ಎಲ್ಲ ಗಿಡವೂ ಬದುಕುತ್ತದೆಂದು ನಾನು ಹೇಳಲಾರೆ. ಚಿಗುರು ಒಂದು ಬೆರಳಾದಾಗ ಒಂದೇ ಒಂದು ಸಾಲಿಗೆ ಸರಿಯಾದ ಅಳತೆಯಲ್ಲಿ ಹೊಡೆದು ನೋಡಬಹುದು.

"ದವಾ ನಹೀಂ," ಎಂದರು ಹಂಸಾಬೆನ್. ಔಷಧ ಬೇಡ. ಮನೆಗೆ ಹೋಗಿ ಎರಡು ಕತ್ತರಿ ತಂದು, ಒಂದನ್ನು ನನ್ನ ಕೈಗೆ ಕೊಟ್ಟರು.

ಲಾಭ ಪಂಚಮಿ

ಮೂರು ದಿನ ಕತ್ತರಿಸಿದೆವು. ಮೊದಲ ದಿನ ಭಾಸ್ಕರ ರಾಯರೂ ಹೋಟೆಲಿನ ಅಡುಗೆಮನೆಯ ಕತ್ತರಿ ಹಿಡಿದು ಬಂದು, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಕೂತರು. "ನಿಮ್ಮನ್ನು ಕಾಪಾಡುವ ಅಂತ ಹೇಳಿದ್ದು ಮೇಡಮ್, ಬೇರೆ ಎಂತದೂ ಇಲ್ಲ," ಎಂದು ಗೊಣಗಿದರು. ಗೊತ್ತು ಎಂದೆ. ರಶ್ಮಿಗೆ ಸಂಜೆಯ ಹೊತ್ತಿಗೆ ಅಂಗೈಯಲ್ಲಿ ಬೊಕ್ಕೆ ಎದ್ದಿತು. ಅವಳು ಸಾಲಿನ ತುದಿಯಲ್ಲಿ ನಿಂತು, ಎಷ್ಟು ಮುಗಿಯಿತು ಎಂದು ಕಣ್ಣಳತೆಯಲ್ಲಿ ನೋಡಿ, ಮತ್ತೆ ಕೂತಳು.

ಎರಡನೆಯ ದಿನ ಮಧ್ಯಾಹ್ನ ಊಟದ ಹೊತ್ತಿಗೆ ನಾನು ಬಾಟಲಿ ತೆಗೆದು, ಹಂಸಾಬೆನ್ ಎದುರಿಗೆ ಪುಡಿ ಕರಗಿಸಿ ತೋರಿಸಿದೆ. ಹೊಡೆಯಲಿಕ್ಕಲ್ಲ, ನೋಡಲಿಕ್ಕೆ ಎಂದು ರಶ್ಮಿ ಮೊದಲೇ ಹೇಳಿದ್ದಳು. ಒಂದು ತಂಬಿಗೆಯಲ್ಲಿ ಮೂಲ ದ್ರಾವಣ, ಒಂದು ಬಕೆಟ್ಟಿನಲ್ಲಿ ಬೆರೆಸಿದ್ದು. ಒಂದಕ್ಕೆ ಒಂಬತ್ತು. ರಶ್ಮಿ ಎರಡರ ಮೇಲೂ ಗುಜರಾತಿಯಲ್ಲಿ ಬರೆದು ಅಂಟಿಸಿದಳು. ಹಂಸಾಬೆನ್ ರೊಟ್ಟಿ ಅಗಿಯುತ್ತ ಎಲ್ಲವನ್ನೂ ನೋಡಿದರು, ತಂಬಿಗೆಯನ್ನು ಮೂಸಿದರು. ಆಮೇಲೆ ಎದ್ದು ಎರಡನ್ನೂ ಬದುವಿನ ಹುಲ್ಲಿಗೆ ಚೆಲ್ಲಿ, ಪಾತ್ರೆ ತೊಳೆದಿಟ್ಟರು. ಉಳಿದ ಪುಡಿಯ ಪೊಟ್ಟಣವನ್ನೂ ಬಾಟಲಿಯನ್ನೂ ಮಾತ್ರ ಹಿಂದಕ್ಕೆ ಕೊಡಲಿಲ್ಲ. ನಾನೂ ಕೇಳಲಿಲ್ಲ.

ಅಂದು ಸಂಜೆ ಗಂಡನ ಅಣ್ಣ ಬಂದು ಬದುವಿನ ಮೇಲೆ ನಿಂತ. "ಕೇಟಲಾ ದಿವಸ?" ಎಂದ. ಎಷ್ಟು ದಿನ. ಎರಡು ತಿಂಗಳ ಮೇಲೆ ಎಂದೆ. ಕಡಿದಿಟ್ಟ ಕಬ್ಬಿನ ತುಂಡು ಅಷ್ಟು ದಿನ ಕಾಯುವುದಿಲ್ಲ ಎಂದ. ಜೋರು ಮಾಡಲಿಲ್ಲ. ಅವನು ಹೇಳಿದ್ದೂ ನಿಜವೇ. ಹಂಸಾಬೆನ್ ಅವನ ಜೊತೆ ಹೊಲದ ಮೇಲಿನ ತುದಿಯವರೆಗೆ ನಡೆದರು. ಇಬ್ಬರೂ ಬಹಳ ಹೊತ್ತು ಮಾತಾಡಿದರು. ವಾಪಸು ಬರುವಾಗ ಹಂಸಾಬೆನ್ ಹೊಲದ ನಡುವೆ ಒಂದು ಕಡೆ ನಿಂತು, ಕಾಲಿನ ಹಿಮ್ಮಡಿಯಿಂದ ಮಣ್ಣಿನಲ್ಲಿ ಒಂದು ಗೆರೆ ಎಳೆದರು. ಮೇಲಿನದು ಕಬ್ಬಿಗೆ. ಕೆಳಗಿನದು ಹೂವಿಗೆ.

ಮರುದಿನ ಲಾಭ ಪಂಚಮಿ. ಹೊಸ ವರ್ಷದ ಕೆಲಸ ಶುರು ಮಾಡಲು ಒಳ್ಳೆಯ ದಿನ. ಪೇಟೆಯಲ್ಲಿ ಶಟರುಗಳು ಮೇಲೆದ್ದವು, ಹೊಲಕ್ಕೆ ಟ್ರ್ಯಾಕ್ಟರ್ ಬಂತು. ನಾವು ಕೆಳಗಿನ ಅರ್ಧದಲ್ಲಿ ಕೊನೆಯ ಸಾಲುಗಳನ್ನು ಕತ್ತರಿಸುತ್ತಿದ್ದಾಗ ಮೇಲಿನ ಅರ್ಧ ನೇಗಿಲಿನ ಕೆಳಗೆ ಹೋಯಿತು. ಹಿಂದಿನ ದಿನವಷ್ಟೇ ನಾವು ಕತ್ತರಿಸಿದ್ದ ನಾಲ್ಕು ಸಾಲುಗಳೂ ಅದರಲ್ಲಿದ್ದವು. ಹಂಸಾಬೆನ್ ಬೆಳಿಗ್ಗೆ ಬೇಗ ಬಂದು ಆ ಕಡೆಯ ಚಿಂದಿಗಳನ್ನೆಲ್ಲ ಬಿಚ್ಚಿ ಮಡಿಲಿಗೆ ತುಂಬಿಕೊಂಡಿದ್ದರು. ಟ್ರ್ಯಾಕ್ಟರಿನ ಕಡೆ ತಿರುಗಿ ನೋಡಲಿಲ್ಲ. ನಾನು ನೋಡಿದೆ. ಇಷ್ಟು ವರ್ಷ ಪ್ರಯೋಗಗಳು ಕೆಟ್ಟಾಗ ಗಿಡ ಕಿತ್ತು ಗೊಬ್ಬರದ ಗುಂಡಿಗೆ ಹಾಕಿ ವಹಿಯಲ್ಲಿ ಒಂದು ಸಾಲು ಬರೆದು ಮುಗಿಸುತ್ತಿದ್ದೆ.

ಹೊರಡುವಾಗ ಹಂಸಾಬೆನ್ ನನಗೂ ರಶ್ಮಿಗೂ ಒಂದೊಂದು ಜಲ್ಲೆ ಕಬ್ಬು ಕೊಟ್ಟರು. ಮೈಸೂರುಪಾಕಿನ ಪೊಟ್ಟಣ ಬದುವಿನ ಮೇಲಿರಲಿಲ್ಲ. ಯಾರು ತಿಂದರೋ ಕೇಳಲಿಲ್ಲ. ರಶ್ಮಿ ವಡೋದರಾದಲ್ಲಿ ಇಳಿದಳು. "ಊರು ಮುಟ್ಟಿ ಫೋನ್ ಮಾಡು ಆಂಟಿ," ಎಂದು ಕಿಟಕಿಯ ಹೊರಗಿನಿಂದ ಕೂಗಿದಳು.

ಹಾವೇರಿ

ಗಾಳಿಪಟದ ಹಬ್ಬ ಉತ್ತರಾಯಣ ಕಳೆದು, ಗುಜರಾತಿನಲ್ಲಿ ಮದುವೆಗಳು ಮತ್ತೆ ಶುರುವಾದ ಮೇಲೆ, ಒಂದು ಬೆಳಿಗ್ಗೆ ಭಾಸ್ಕರ ರಾಯರ ಫೋನ್ ಬಂತು. ಹಿಂದೆ ಹೋಟೆಲಿನ ತಟ್ಟೆಗಳ ಸದ್ದು.

"ಹೂ ಬಂದಿದೆ ಮೇಡಮ್. ಹಳದಿ. ಸಣ್ಣದು, ಆದ್ರೆ ಗಿಡ ತುಂಬ ಉಂಟು. ಒಂದಷ್ಟು ಗಿಡ ಒಣಗಿ ಹೋದ್ವು. ಉಳಿದದ್ದು ಮದುವೆ ಮಂಟಪಗಳಿಗೆ ಹೋಗ್ತಾ ಉಂಟು. ಮತ್ತೆ ಒಂದು ವಿಷಯ. ಅವ್ರು ಒಂದು ಸಾಲಿಗೆ ಆ ಪುಡಿ ಹೊಡೆದಿದ್ದಾರೆ. ನನ್ಗೂ ಹೇಳ್ಲಿಲ್ಲ."

"ಹೌದ್ರಿ? ಎಷ್ಟು ಬೆರೆಸಿದ್ರು?"

"ಒಂದಕ್ಕೆ ಒಂಬತ್ತು. ಆ ಸಾಲಿಂದು ದಂಟು ಉದ್ದ, ಹೂವೂ ನಾಲ್ಕೈದು ದಿನ ಮೊದಲೇ ಬಂತಂತೆ. ಮುಂದಿನ ವರ್ಷಕ್ಕೆ ಸಸಿ ಮಾಡ್ಲಿಕ್ಕೆ ಆ ಸಾಲಿನ ಬುಡವನ್ನೇ ಇಟ್ಕೊಳ್ತಾರಂತೆ, ಬೇರೆ ಯಾವ್ದೂ ಬೇಡ ಅಂತೆ. ಈಗ ಹೂ ಕೊಡ್ಲಿಕ್ಕೆ ಬಂದಿದ್ದಾರೆ, ಇಲ್ಲೇ ನಿಂತಿದ್ದಾರೆ."

ನನಗೆ ಗಾಬರಿಯಾಯಿತು. ಮತ್ತೆ ಏನನ್ನೋ ಪೂರ್ತಿ ಹೇಳದೆ ಬಂದೆನೇ? "ಅವರಿಗೆ ಈಗಲೇ ಹೇಳ್ರಿ," ಎಂದೆ. "ಔಷಧದ ಗುಣ ಸಸಿಗೆ ಬರೂದಿಲ್ಲ. ಅದು ಆ ವರ್ಷದ್ದು ಅಷ್ಟ. ಯಾವ ಸಾಲಿನ ಬುಡ ಇಟ್ಟರೂ ಒಂದ. ಸರಿಯಾಗಿ ಹೇಳ್ರಿ, ನಡುವ ಏನೂ ಬಿಡಬ್ಯಾಡ್ರಿ."

ಅವರು ಹೇಳುವುದು ಕೇಳಿಸಿತು. ಈ ಸಲ ನಾನು ಹೇಳಿದಷ್ಟೇ ಉದ್ದವಿತ್ತು. ಆ ಕಡೆಯಿಂದ ಹಂಸಾಬೆನ್ ಏನೋ ಅಂದರು.

"ಅದು ಅವ್ರಿಗೆ ಗೊತ್ತುಂಟಂತೆ ಮೇಡಮ್," ಎಂದರು ಭಾಸ್ಕರ ರಾಯರು. "ಆ ಸಾಲು ಬಾವಿಗೆ ಹತ್ರ. ಬೇಸಿಗೆಯಲ್ಲಿ ಸಸಿಗೆ ನೀರು ಹೊರುದು ಸುಲಭ. ಅದಕ್ಕೆ ಅಂತೆ."

ಅವರ ಮಾತಿನ ಹಿಂದೆ, ತಟ್ಟೆಗಳ ಸದ್ದಿನ ನಡುವೆ, ಒಬ್ಬ ಹೆಂಗಸು ಗಟ್ಟಿಯಾಗಿ ನಗುವುದು ಕೇಳಿಸಿತು. ಮೂರು ದಿನ ಒಂದೇ ಸಾಲಿನಲ್ಲಿ ಕೂತು ಕತ್ತರಿಸಿದ್ದರೂ ಹಂಸಾಬೆನ್ ನಗುವುದನ್ನು ನಾನು ಕೇಳಿರಲಿಲ್ಲ.